ಒಣ ಕೈಯ ಸಹಿ

ಶಾಲೆಯಲ್ಲಿ ಅವಳನ್ನು ಎಲ್ಲರೂ ಸ್ಕೇಲ್ ಮೇಡಂ ಅಂತಲೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೆ ಕರೆಯುವ ಎದೆಗಾರಿಕೆ ಯಾರಿಗಿತ್ತು ಹೇಳಿ? ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವುದನ್ನು ಕಲಿಸಿ, ಪಾಸಾದವರಿಗೆ ಕಾರ್ಡು ಕೊಡುವ ಶಾಲೆ ಅದು. ಪುಸ್ತಕದಲ್ಲಿ ಇಪ್ಪತ್ತು ಪಾಠ ಅಂತಿದ್ದರೆ ಅವಳಿಗೆ ಇಪ್ಪತ್ತೂ ಆಗಬೇಕು, ಅದೂ ಪುಸ್ತಕದಲ್ಲಿದ್ದ ವರಸೆಯಲ್ಲೇ. ನೀರೊಳಗೆ ಒಂದು ನಿಮಿಷ ಅಂದರೆ ಒಂದು ನಿಮಿಷ. ಐವತ್ತೆಂಟು ಸೆಕೆಂಡಿಗೆ ತಲೆ ಎತ್ತಿದ ಬ್ಯಾಂಕ್ ಮ್ಯಾನೇಜರೊಬ್ಬರು, ಎರಡು ಸೆಕೆಂಡಿಗೆಲ್ಲ ಯಾಕಮ್ಮಾ ಇಷ್ಟು ಪ್ರಾಣ ತಿಂತೀಯ ಅಂದಿದ್ದಕ್ಕೆ, "ಆ ಎರಡು ಸೆಕೆಂಡಲ್ಲೇ ಸರ್ ಪ್ರಾಣ ಹೋಗೋದು" ಅಂತ ಕಡ್ಡಿ ಮುರಿದ ಹಾಗೆ ಹೇಳಿ ಮತ್ತೆ ಮುಳುಗಿಸಿದ್ದಳು.

ಅಲ್ಲಿದ್ದ ಇನ್ನೊಬ್ಬ ಶಿಕ್ಷಕರು ಇದಕ್ಕೆ ತದ್ವಿರುದ್ಧ. ವಯಸ್ಸು ಐವತ್ತು ದಾಟಿತ್ತು, ಹೊಟ್ಟೆ ಬೆಲ್ಟನ್ನು ದಾಟಿತ್ತು. ಹೆಸರು ಪರವಾಗಿಲ್ಲ ಮೇಷ್ಟ್ರು. ಶಿಷ್ಯರು ತಡವಾಗಿ ಬಂದರೆ ಪರವಾಗಿಲ್ಲ, ಈಜಲು ಕಾಲಿಗೆ ಹಾಕುವ ರೆಕ್ಕೆ ಮರೆತು ಬಂದರೆ ಪರವಾಗಿಲ್ಲ, ನೀರಿಗಿಳಿಯಲು ಹೆದರಿ ಅತ್ತರೆ "ಪರವಾಗಿಲ್ಲ ಕಣಮ್ಮ, ನಾಳೆ ನೋಡೋಣ." ಮೂರನೇ ಪಾಠ ಬಿಟ್ಟು ಏಳನೆಯದನ್ನು ಮೊದಲು ಮಾಡಿಸುವುದು, ಶಾಲೆಯ ಕೊಳದಲ್ಲಿ ಮುಖ ಮುಳುಗಿಸಲಾರದವರಿಗೆ ಮನೆಯಲ್ಲಿ ಬಕೆಟ್ ಇಟ್ಟುಕೊಂಡು ಅಭ್ಯಾಸ ಮಾಡಿ ಅನ್ನುವುದು, ಹೀಗೆ. ಸ್ಕೇಲ್ ಮೇಡಂಗೆ ಮೈಯೆಲ್ಲ ಉರಿಯುತ್ತಿತ್ತು. ಇದು ಶಾಲೆಯೋ ಛತ್ರವೋ ಅಂತ ಶಾಲೆಯ ಯಜಮಾನರಿಗೆ ಮೂರು ಸಲ ಬರಹದಲ್ಲೇ ದೂರು ಕೊಟ್ಟಿದ್ದಳು.

ಶಾಲೆಗೆ ಅವಳು ಮಾಡಿದ ಒಂದು ದೊಡ್ಡ ಉಪಕಾರದ ಬಗ್ಗೆ ಮಾತ್ರ ಅವಳಿಗೆ ತುಂಬಾ ಹೆಮ್ಮೆ ಇತ್ತು. ಪ್ರತಿ ಪಾಠ ಮುಗಿದ ಮೇಲೆ, ಇದನ್ನು ನಾನು ಮಾಡಿದೆ ಅಂತ ಶಿಷ್ಯರು ಹಾಳೆಯ ಮೇಲೆ ಸಹಿ ಹಾಕಬೇಕು, ನಿಯಮ ಅದು. ಆದರೆ ಕೊಳದ ದಂಡೆಯಲ್ಲಿ ಒದ್ದೆ ಕೈ, ಒದ್ದೆ ಹಾಳೆ. ಶಾಯಿ ಹರಡಿ ಯಾರ ಸಹಿ ಯಾವುದು ಅಂತಲೇ ಗೊತ್ತಾಗುತ್ತಿರಲಿಲ್ಲ. ತಪಾಸಣೆಗೆ ಬಂದವರು ಒಮ್ಮೆ ಇಡೀ ಕಟ್ಟನ್ನೇ ವಾಪಸ್ ಎಸೆದು ಹೋಗಿದ್ದರು. ಆಮೇಲೆ ಇವಳೇ ಉಪಾಯ ಕಂಡುಹಿಡಿದಳು: ಮೊದಲ ದಿನವೇ, ಆಫೀಸಿನ ಕುರ್ಚಿಯ ಮೇಲೆ ಕೂರಿಸಿ, ಒಣ ಕೈಯಲ್ಲಿ ಇಪ್ಪತ್ತೂ ಸಹಿ ಒಟ್ಟಿಗೆ ಹಾಕಿಸಿಬಿಡುವುದು. ಮುಂದಿನ ತಪಾಸಣೆಯಲ್ಲಿ ಶಾಲೆಯವರು ಭೇಷ್ ಅನ್ನಿಸಿಕೊಂಡರು. ಮೇಷ್ಟ್ರು ಮಾತ್ರ ತಲೆ ಕೆರೆದುಕೊಂಡಿದ್ದರು.

"ಮೇಡಂ, ಇವ್ರಿನ್ನೂ ನೀರೇ ಮುಟ್ಟಿಲ್ವಲ್ಲ?"

"ಆಮೇಲೆ ಮಾಡಿಸ್ತೀವಿ ತಾನೆ ಮೇಷ್ಟ್ರೆ? ಮಾಡಿಸದೆ ಬಿಡೋರು ನಾವಲ್ಲ. ಅಥವಾ ನೀವು ಬಿಡ್ತೀರೋ?"

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕು, ಪರವಾಗಿಲ್ಲ ಬಿಡಿ ಅಂದರು. ಅವತ್ತಿನಿಂದ ನೀರಿನಲ್ಲೂ ಬರೆಯಬಹುದಾದ ಒಂದು ಪ್ಲಾಸ್ಟಿಕ್ ಹಾಳೆಯ ಪುಸ್ತಕವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡತೊಡಗಿದರು. ಅದರಲ್ಲಿ ಪೆನ್ಸಿಲಿನಿಂದ ಏನೋ ಗೀಚುತ್ತಿರುತ್ತಿದ್ದರು. ಆರು ವರ್ಷದಲ್ಲಿ ಅದೇನೆಂದು ಇವಳು ಒಮ್ಮೆಯೂ ಕೇಳಲಿಲ್ಲ.

ಈ ಸಲದ ತಂಡದಲ್ಲಿ ಅವಳ ನಾದಿನಿ ಇದ್ದಳು. ಗಂಡನ ತಂಗಿ, ಟೈಲರ್. ಶಾಲೆಯ ಡೈವಿಂಗ್ ಸೂಟುಗಳ ಮೊಣಕಾಲು ಹರಿದರೆ ತೇಪೆ ಹಾಕಿಕೊಡುವವಳು ಅವಳೇ. "ಅಲ್ಲಾ ಅತ್ತಿಗೆ, ಇಷ್ಟು ವರ್ಷ ಇವರೆಲ್ಲರ ಮಂಡಿ ಹೊಲಿದು ಹೊಲಿದು ಕೊಟ್ಟೆ. ಅಂಥದ್ದೇನಿದೆ ಆ ಸಮುದ್ರದ ಅಡೀಲಿ, ನಾನೂ ಒಂದ್ಸಲ ನೋಡ್ಬಾರ್ದಾ?" ಅಂತ ಹಟ ಹಿಡಿದು ಸೇರಿಕೊಂಡಿದ್ದಳು. ಬಾಯಿ ಅಂದರೆ ಬಾಯಿ, ಅವಳ ಹೊಲಿಗೆ ಯಂತ್ರಕ್ಕಾದರೂ ಬಿಡುವಿತ್ತು. ಮನೆಯವರಿಗೆ ಕಲಿಸಬಾರದು ಅಂತ ಸ್ಕೇಲ್ ಮೇಡಂ ಅವಳನ್ನು ಮೇಷ್ಟ್ರ ಗುಂಪಿಗೆ ಹಾಕಿದಳು. ಆದರೆ ಮೊದಲ ದಿನ ಕುರ್ಚಿಯ ಮೇಲೆ ಕೂರಿಸಿ ಸಹಿ ಹಾಕಿಸಿದ್ದು ತಾನೇ. ನಾದಿನಿ ಇಪ್ಪತ್ತು ಸಹಿ ಹಾಕಿ ಬೆರಳು ಕೊಡವಿಕೊಂಡು, "ಆಸ್ತಿ ಬರ್ಕೊಟ್ಟ ಹಾಗಾಯ್ತಲ್ಲ ಅತ್ತಿಗೆ" ಅಂದಿದ್ದಳು.

ಸಮುದ್ರಕ್ಕೆ ಇಳಿಯುವ ದಿನ ಮೇಷ್ಟ್ರಿಗೆ ಶೀತ. ಶೀತವಿದ್ದರೆ ಕಿವಿ ಒಡೆಯುತ್ತದೆ, ನೀರಿಗಿಳಿಯುವಂತಿಲ್ಲ. ತಂಡವನ್ನು ಸ್ಕೇಲ್ ಮೇಡಂ ವಹಿಸಿಕೊಂಡಳು. ದೋಣಿಯ ಇಂಜಿನ್ನು ಶುರುವಾಗಿ ಸದ್ದು ಕಿವಿಗಡಚಿಕ್ಕುತ್ತಿದ್ದಾಗ ಮೇಷ್ಟ್ರ ಫೋನು ಬಂತು. ಗಂಟಲು ಕಟ್ಟಿ ಗೊರಗೊರ ಸದ್ದು.

"ಮೇಡಂ, ನಿಮ್ಮ ನಾದಿನೀದು ಒಂದು..."

"ಫೈಲ್ ನನ್ನ ಕೈಲೇ ಇದೆ ಮೇಷ್ಟ್ರೆ. ಎಲ್ಲ ಸರಿ ಇದೆ. ನೀವು ಮಲಕ್ಕೊಳ್ಳಿ." ಫೋನಿಟ್ಟು ಅದನ್ನು ನೀರು ತಾಗದ ಡಬ್ಬಿಗೆ ಹಾಕಿ ಮುಚ್ಚಿದಳು.

ಎಂಟು ಮೀಟರ್ ಆಳ. ನೀರು ತಿಳಿಯಾಗಿತ್ತು, ಕೆಳಗೆ ಮರಳು ಕಾಣುತ್ತಿತ್ತು. ಎಲ್ಲ ಚೆನ್ನಾಗಿಯೇ ನಡೆದಿತ್ತು. ಮುಂದಿದ್ದವನೊಬ್ಬ ತಿರುಗುವಾಗ ಅವನ ಕಾಲಿನ ರೆಕ್ಕೆ ನಾದಿನಿಯ ಮುಖಕ್ಕೆ ಬಡಿಯಿತು. ಕಣ್ಣು, ಮೂಗು ಮುಚ್ಚಿದ್ದ ಮಾಸ್ಕು ಕಿತ್ತುಹೋಯಿತು.

ಇದಕ್ಕೇ ಅಲ್ಲವೇ ಪಾಠ ಇರುವುದು! ಮಾಸ್ಕು ಹೋದರೂ ಬಾಯಲ್ಲಿರುವ ಕೊಳವೆಯಿಂದ ಉಸಿರಾಡುತ್ತಾ ಇರಬೇಕು, ಮಾಸ್ಕನ್ನು ಮತ್ತೆ ಹಾಕಿಕೊಂಡು ಮೂಗಿನಿಂದ ಊದಿ ನೀರು ಹೊರಹಾಕಬೇಕು. ಹನ್ನೊಂದನೇ ಪಾಠ. ನಾಲ್ಕೇ ಅಡಿ ನೀರಿನ ಕೊಳದಲ್ಲಿ ಎಲ್ಲರೂ ಮಾಡಿಯೇ ಸಮುದ್ರಕ್ಕೆ ಬರುವುದು. ಸ್ಕೇಲ್ ಮೇಡಂ ಮಾಸ್ಕನ್ನು ಹಿಡಿದು, ನಿಧಾನ, ತಗೋ, ಅಂತ ಕೈಯಲ್ಲೇ ಸನ್ನೆ ಮಾಡುತ್ತಾ ಹತ್ತಿರ ಬಂದಳು. ನಾದಿನಿಯ ಕಣ್ಣು ಅಷ್ಟಗಲ ತೆರೆದಿತ್ತು, ಏನನ್ನೂ ನೋಡುತ್ತಿರಲಿಲ್ಲ. ಮೂಗಿಗೆ ನೀರು ನುಗ್ಗಿ, ಬಾಯಲ್ಲಿದ್ದ ಕೊಳವೆಯನ್ನೂ ಉಗಿದು, ಉಸಿರು ಬಿಗಿಹಿಡಿದು ಮೇಲಕ್ಕೆ ಹಾರಿಬಿಟ್ಟಳು.

ಉಸಿರು ಬಿಗಿಹಿಡಿದು ಮೇಲೆ ಹೋದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯುತ್ತದೆ. ಮೊದಲ ದಿನದ ಮೊದಲ ಮಾತೇ ಅದು. ಸ್ಕೇಲ್ ಮೇಡಂ ಅವಳ ಕಾಲು ಹಿಡಿದಳು, ಸೊಂಟ ಹಿಡಿದಳು, ಹೊಟ್ಟೆಗೆ ಗುದ್ದಿದಳು, ಗಾಳಿ ಬಿಡು, ಬಿಡೇ, ಅಂತ ತನ್ನ ಕೊಳವೆಯೊಳಗೇ ಅರಚಿದಳು. ಅರ್ಧ ದಾರಿಯಲ್ಲಿ ಒಂದಿಷ್ಟು ಗುಳ್ಳೆ ಬಂತು. ಉಳಿದದ್ದು ದೋಣಿಯ ಮೇಲೆ ಬಂತು, ನೊರೆಯಾಗಿ. ನೊರೆಯಲ್ಲಿ ರಕ್ತವಿತ್ತು.

ಆಮ್ಲಜನಕ ಹಾಕಿ ಆಸ್ಪತ್ರೆ ಮುಟ್ಟಿಸುವಷ್ಟರಲ್ಲಿ ಸ್ಕೇಲ್ ಮೇಡಂಗೆ ಜೀವ ಬಾಯಿಗೆ ಬಂದಿತ್ತು. ಡಾಕ್ಟರು ಹೊರಗೆ ಬಂದು, ಒಂದು ಕಡೆ ಸಣ್ಣ ಗಾಯವಾಗಿದೆ, ಉಳೀತಾರೆ, ಇನ್ನೊಂದು ಕ್ಷಣ ಉಸಿರು ಹಿಡಿದಿದ್ದರೆ ಕಷ್ಟವಿತ್ತು ಅಂದರು. ಅವಳು ಅಲ್ಲೇ ಗೋಡೆಗೆ ಒರಗಿ ಕೂತಳು. ಒದ್ದೆ ಸೂಟು ಇನ್ನೂ ಮೈಮೇಲೇ ಇತ್ತು. ಆಮೇಲೆ ಬಂತು ನೋಡಿ ಸಿಟ್ಟು! ಆ ಪರವಾಗಿಲ್ಲದ ಮನುಷ್ಯ ಪಾಠವನ್ನೇ ಮಾಡಿಸಿಲ್ಲ. ಮಾಡಿಸದೆ ಸಹಿ ಹಾಕಿಸಿಕೊಂಡಿದ್ದಾನೆ. ನನ್ನ ಮನೆಯ ಹುಡುಗಿಯನ್ನು ಸಾಯಿಸುತ್ತಿದ್ದ. ಆಸ್ಪತ್ರೆಯ ಫೋನಿನಿಂದಲೇ ಯಜಮಾನರಿಗೆ ಕರೆ ಮಾಡಿ, ಇವತ್ತೇ ಅವರನ್ನ ಕೆಲಸದಿಂದ ತೆಗೀರಿ, ಇಲ್ಲದಿದ್ರೆ ಪೊಲೀಸರ ಹತ್ರ ಹೋಗ್ತೀನಿ ಅಂದಳು. ಯಜಮಾನರು ಎರಡು ಮಾತಾಡದೆ ಒಪ್ಪಿದರು. ಮೂರು ದೂರು ಮೊದಲೇ ಇತ್ತಲ್ಲ.

ಸಂಜೆ ನಾದಿನಿ ಕಣ್ಣು ಬಿಟ್ಟಳು. ಅತ್ತಿಗೆ ಅವಳ ಕೂದಲು ಸವರುತ್ತಾ ಹೇಳಿದಳು, "ನೀನೇನೂ ಯೋಚನೆ ಮಾಡ್ಬೇಡ. ಸುಳ್ಳು ಸಹಿ ಹಾಕಿಸ್ಕೊಂಡ್ರಲ್ಲ, ಆ ಮೇಷ್ಟ್ರಿಗೆ ಇವತ್ತೇ ಕೊನೆ."

ನಾದಿನಿ ಮೂಗಿನ ನಳಿಕೆ ಪಕ್ಕಕ್ಕೆ ಸರಿಸಿದಳು. ಯಾವತ್ತೂ ಗಲಗಲ ಅನ್ನುವ ದನಿ ಪಿಸುಗುಟ್ಟುವಷ್ಟಿತ್ತು. "ಮೇಷ್ಟ್ರು ಯಾವತ್ತೂ ನನ್ನ ಕೈಲಿ ಸಹಿ ಹಾಕಿಸ್ಲಿಲ್ಲ ಅತ್ತಿಗೆ. ನೀವೇ ಅಲ್ವಾ ಹಾಕಿಸಿದ್ದು? ಕುರ್ಚಿ ಮೇಲೆ ಕೂರ್ಸಿ?"

ಅವಳ ಕೈ ಕೂದಲ ಮೇಲೇ ನಿಂತಿತು.

"ಮಾಸ್ಕ್ ತೆಗೆಯೋಕೆ ನಂಗೆ ಆಗ್ಲೇ ಇಲ್ಲ. ಮೂರು ದಿನ ಅತ್ತೆ. ಅವ್ರು ಬೈಲಿಲ್ಲ. ಬಕೆಟ್‌ನಲ್ಲಿ ಅಭ್ಯಾಸ ಮಾಡು, ಅದು ಬರೋವರ್ಗೂ ನಿನ್ನ ಸಮುದ್ರಕ್ಕೆ ಬಿಡಲ್ಲ ಅಂದಿದ್ರು. ಇವತ್ತು ನೀವು ಫೈಲ್ ನೋಡಿ ಎಲ್ಲ ಸರಿ ಇದೆ ಅಂದ್ರಿ. ನಿಮಗಿಂತ ನಂಗೆ ಜಾಸ್ತಿ ಗೊತ್ತಾ? ಬೇಕಾಗಿಲ್ವೇನೋ ಅಂದ್ಕೊಂಡೆ. ಕೇಳೋಕೆ ಭಯ ಆಯ್ತು ಅತ್ತಿಗೆ, ನೀವು ಎಲ್ಲರೆದುರಿಗೆ ಬೈತೀರಿ ಅಂತ."

ನಾನಾ? ನಾನಾ ಮಾಡಿದ್ದು? ಸ್ಕೇಲ್ ಮೇಡಂ ಡಬ್ಬಿಯಿಂದ ಫೋನು ತೆಗೆದು ನೋಡಿದಳು. ಆ ಕರೆಯನ್ನು ಇವಳು ಕತ್ತರಿಸಿದ ಮೇಲೆ ಮೇಷ್ಟ್ರು ಒಂಬತ್ತು ಸಲ ಮಾಡಿದ್ದರು.

ಅವಳು ಶಾಲೆಗೆ ಬಂದಾಗ ಯಜಮಾನರು ಕೆಲಸದಿಂದ ತೆಗೆಯುವ ಪತ್ರವನ್ನು ಮೇಜಿನ ಮೇಲಿಟ್ಟು ಕೂತಿದ್ದರು. ಎದುರಿಗೆ ಮೇಷ್ಟ್ರು, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು. ಮೊದಲು ಕೇಳಿದ್ದು, "ಹುಡುಗಿ ಹೇಗಿದಾಳೆ?"

ಅವಳು ಕೈ ಚಾಚಿದಳು. ಮೇಷ್ಟ್ರಿಗೆ ಅರ್ಥವಾಯಿತು, ಸೊಂಟದ ಪುಸ್ತಕ ಬಿಚ್ಚಿ ಕೊಟ್ಟರು. ಅಂಚೆಲ್ಲ ಪಾಚಿಗಟ್ಟಿದ ಪ್ಲಾಸ್ಟಿಕ್ ಹಾಳೆ. ಪ್ರತಿಯೊಬ್ಬರ ಹೆಸರಿನ ಮುಂದೆ ಪಾಠದ ಸಂಖ್ಯೆ, ಮಾಡಿದ ದಿನ. ಕೊನೆಯ ಹಾಳೆಯಲ್ಲಿ: "ಟೈಲರಮ್ಮ. 11 ಆಗಿಲ್ಲ. ತುಂಬಾ ಭಯ. ಸಮುದ್ರ ಬೇಡ."

"ಪತ್ರ ಹರೀರಿ ಸರ್," ಅಂದಳು. "ತಪ್ಪು ನಂದು. ಸಹಿ ನಾನೇ ಹಾಕಿಸಿದ್ದು, ಮೊದಲ್ನೇ ದಿನ. ಮೇಷ್ಟ್ರು ಹೇಳೋಕೆ ಬಂದ್ರು, ನಾನು ಕೇಳ್ಲಿಲ್ಲ."

ಯಜಮಾನರು ಬೆವರೊರೆಸಿಕೊಂಡರು. "ಆಯ್ತು, ಆಯ್ತು. ಇದೊಂದು ಫೈಲ್ ತಾನೆ? ಸರಿ ಮಾಡಿದ್ರಾಯ್ತು."

ಅವಳು ಬೀರು ತೆರೆದಳು. ಆರು ವರ್ಷದ ಫೈಲುಗಳು, ಸಾಲಾಗಿ. ಒಂದು ತೆಗೆದಳು, ಇನ್ನೊಂದು ತೆಗೆದಳು. ಎಲ್ಲಾ ಸಹಿ ನೀಟಾಗಿ, ಒಂದೇ ಪೆನ್ನು, ಒಂದೇ ಶಾಯಿ. ನೀರು ಕಲಿಸುವ ಶಾಲೆಯ ಯಾವ ಹಾಳೆಯ ಮೇಲೂ ಒಂದು ಹನಿ ನೀರಿನ ಕಲೆ ಇರಲಿಲ್ಲ.

"ಎಲ್ಲವೂ ಸರ್," ಅಂದಳು.

ಮೇಷ್ಟ್ರ ಮುಖ ನೋಡಿದಳು. ಲೋಕದಲ್ಲಿ ಎಲ್ಲದಕ್ಕೂ ಪರವಾಗಿಲ್ಲ ಅನ್ನುವ ಮನುಷ್ಯ. ಇವತ್ತೊಂದು ಸಲ ಅಂದುಬಿಡಲಿ ಅಂತ ಅವಳ ಒಡಲೆಲ್ಲ ಬೇಡುತ್ತಿತ್ತು. ಅವರು ಕುರ್ಚಿಯನ್ನು ಫೋನಿನ ಹತ್ತಿರ ಎಳೆದುಕೊಂಡರು. "ನಾನೂ ಅವತ್ತು ಸುಮ್ಮನಿರಬಾರದಿತ್ತು. ನನ್ನ ಗುಂಪಿನವರದ್ದು ಈ ಪುಸ್ತಕದಲ್ಲಿದೆ. ನಿಮ್ಮವರದ್ದು ತೆಗೀರಿ ಮೇಡಂ, ಒಬ್ಬೊಬ್ಬರನ್ನೇ ಕೇಳೋಣ."

ನನ್ನವರಿಗೆ ನಾನೇ ಮಾಡಿಸಿದ್ದೇನೆ, ಪಾಠ ತಪ್ಪಿದವರು ನನ್ನವರಲ್ಲಿ ಒಬ್ಬರೂ ಇರಲಾರರು. ಅದೊಂದೇ ಧೈರ್ಯದ ಮೇಲೆ ಅವಳು ಫೋನು ತಿರುಗಿಸುತ್ತಾ ಹೋದಳು. ಮೊದಲನೆಯವರು, ಹನ್ನೊಂದನೇ ಪಾಠ ಮಾಡಿದ್ದೆ ಅಂದರು. ಎರಡನೆಯವರೂ ಮಾಡಿದ್ದರು. ಮೂರನೆಯವರು ಆ ಬ್ಯಾಂಕ್ ಮ್ಯಾನೇಜರು, ಐವತ್ತೆಂಟು ಸೆಕೆಂಡಿನವರು. ದನಿ ಕೇಳಿಯೇ ಖುಷಿಪಟ್ಟರು.

"ಮಾಸ್ಕ್ ತೆಗೆಯೋದಾ? ಇಲ್ವಲ್ಲ ಮೇಡಂ. ಅವತ್ತು ಗುಡುಗು ಶುರುವಾಯ್ತು ಅಂತ ನೀವೇ ಎಲ್ಲರನ್ನೂ ಕೊಳದಿಂದ ಎಬ್ಬಿಸಿದ್ರಿ, ನೆನಪಿಲ್ವಾ? ಮಾರನೇ ದಿನ ಕೇಳಿದೆ. ನೀವು ಫೈಲ್ ನೋಡಿ, ಹನ್ನೊಂದು ಆಗಿದೆಯಲ್ಲ ಸರ್, ಮುಂದಿನದಕ್ಕೆ ಬನ್ನಿ ಅಂದ್ರಿ. ನೀವೇ ಹೇಳಿದ್ಮೇಲೆ ಇನ್ನೇನು!" ಅಂತ ನಕ್ಕರು. "ಅಂದ ಹಾಗೆ ಈ ಭಾನುವಾರ ಮಗಳನ್ನೂ ಕರ್ಕೊಂಡು ಇಳೀತಿದೀನಿ. ಮನೆಯವಳು ಹೆದರ್ತಾಳೆ. ನಾನಂದೆ, ಸುಮ್ನಿರೇ, ಅಂಥಾ ಮೇಡಂ ಕೈಯಲ್ಲಿ ಕಾರ್ಡ್ ತಗೊಂಡವನು ನಾನು ಅಂತ."