ಕೋಟಿನ ಮೂರು ಗುಂಡಿ

ಐದಕ್ಕೆ ಕಾರ್ಯಕ್ರಮ. ಮೂರೂವರೆಗೆ ಸೊಸೆಯ ಗಿಟಾರಿನ ಮೂರನೇ ತಂತಿ ಫಟ್ಟೆಂದು ಹರಿಯಿತು.

ಬೇರೆ ಗಿಟಾರಾಗಿದ್ದರೆ ಹೊಸ ತಂತಿ ಹಾಕಿ ಎದ್ದು ಹೋಗಬಹುದಿತ್ತು. ಇದು ಮೂಗಿನ ತುದಿಯಲ್ಲೇ ಕೋಪವಿರುವಂಥದು. ತಂತಿಗಳ ಬುಡ ಹಿಡಿದಿರುವ ಇದರ ಬ್ರಿಜ್ ಮರದ ಮೇಲೆ ಭದ್ರವಾಗಿ ಕೂತಿರುವುದಿಲ್ಲ. ಮೇಲಿನಿಂದ ತಂತಿಗಳು, ಬೆನ್ನ ಹಿಂದಿನಿಂದ ಸ್ಪ್ರಿಂಗುಗಳು ಎಳೆಯುತ್ತ, ನಡುವೆ ತೇಲುತ್ತಿರುತ್ತದೆ. ಬ್ರಿಜ್ಜಿಗೆ ಸಿಕ್ಕಿಸಿದ ಹಿಡಿಕೆ ಒತ್ತಿದರೆ ನಾದ ಪಾತಾಳಕ್ಕಿಳಿಯುತ್ತದೆ, ಬಿಟ್ಟರೆ ಮರಳಿ ಬರುತ್ತದೆ. ಸೊಸೆ ಮರುಳಾಗಿದ್ದು ಆ ಜಾರಾಟಕ್ಕೇ. ಆದರೆ ಒಂದು ತಂತಿ ಹೋಯಿತೋ, ಉಳಿದ ಐದೂ ದಿಕ್ಕಾಪಾಲು.

ಹೊಸ ತಂತಿ ಬಿಗಿದಳು, ಉಳಿದವು ಇಳಿದವು. ಅವನ್ನು ಏರಿಸಿದಳು, ಹೊಸದು ಇಳಿಯಿತು. ಹೀಗೇ ಸುತ್ತಿ ಸುತ್ತಿ ನಾಲ್ಕು ಹೊಡೆಯಿತು. ಹಿಂದಿನ ಎರಡು ಕಾರ್ಯಕ್ರಮಗಳಲ್ಲೂ ಶ್ರುತಿ ಕೆಟ್ಟಿತ್ತು. "ಇವತ್ತೂ ಕೆಟ್ರೆ ಬೇರೆಯವರನ್ನ ನೋಡ್ಕೋತೀವಿ" ಎಂದು ತಂಡದಲ್ಲಿ ಡ್ರಮ್ ಬಾರಿಸುವವನು ಮುಖಕ್ಕೆ ಹೊಡೆದಂತೆ ಹೇಳಿದ್ದ. ಅವಳಿಗೆ ಅಳುವೇ ಬಂತು.

ಪಕ್ಕದ ಕೋಣೆಯಲ್ಲಿ ಅತ್ತೆಯ ಹೊಲಿಗೆ ಮಿಷನ್ನು ನಿಂತಿತು. ಈ ಗಿಟಾರಿಗೆ 'ಬೆಕ್ಕಿನ ಜಗಳ' ಎಂದು ಹೆಸರಿಟ್ಟವರು ಅವರೇ.

"ಏನೇ ಅದು, ಆಗ್ಲಿಂದ ತಿರುಪಿದ್ದೇ ತಿರುಪಿದ್ದು?"

"ಒಂದನ್ನ ಬಿಗಿ ಮಾಡಿದ್ರೆ ಇನ್ನೊಂದು ಸಡಿಲ ಆಗುತ್ತೆ ಅತ್ತೆ. ಬ್ರಿಜ್ ಒಂದು ಕಡೆ ನಿಲ್ತಾನೇ ಇಲ್ಲ."

"ನಿಲ್ಲದೆ ಇರೋದನ್ನ ಹ್ಯಾಗೆ ಸರಿಮಾಡ್ತೀಯ? ಮೊದ್ಲು ಪಿನ್ ಚುಚ್ಚಿ ನಿಲ್ಲಿಸ್ಬೇಕು, ಆಮೇಲೆ ಹೊಲೀಬೇಕು."

ಅತ್ತೆ ಬಗ್ಗಿ ನೋಡಿದರು. ಬ್ರಿಜ್ಜಿನ ಹಿಂಬದಿ ಕುಸಿದಿತ್ತು. ಸರಕ್ಕನೆ ಹೋಗಿ ಕೋಟಿನ ಮೂರು ಗುಂಡಿ ತಂದರು. ಸೊಸೆ ಹಿಡಿಕೆ ಒತ್ತಿದಳು, ಹಿಂಬದಿ ಎದ್ದಿತು, ಅತ್ತೆ ಗುಂಡಿಗಳನ್ನು ಒಂದರ ಮೇಲೊಂದಿಟ್ಟು ಅದರಡಿಗೆ ತುರುಕಿದರು. ಬ್ರಿಜ್ ಮಟ್ಟಸವಾಗಿ ನಿಂತಿತು!

ಈಗ ಒಂದೊಂದೇ ತಂತಿ ಶ್ರುತಿಗೆ ಬಂತು, ಬಂದದ್ದು ಅಲ್ಲೇ ಉಳಿಯಿತು. ಆರೂ ಸರಿಯಾದ ಮೇಲೆ ಗಿಟಾರನ್ನು ಓರೆ ಮಾಡಿದ್ದೇ ತಡ, ಗುಂಡಿಗಳು ತಾವಾಗಿಯೇ ಟಪಟಪನೆ ಉದುರಿದವು. ತಂತಿ, ಸ್ಪ್ರಿಂಗು, ಎರಡೂ ಕಡೆಯ ಎಳೆತ ಸಮವಾಗಿತ್ತು! ಸೊಸೆ ಖುಷಿಗೆ ಕಿರುಚಿಯೇಬಿಟ್ಟಳು. ಗಿಟಾರಿನ ಕತ್ತಿನ ಬಳಿ ತಂತಿಗಳನ್ನು ಕಚ್ಚಿಹಿಡಿಯುವ ಬೀಗವನ್ನು ಅಲೆನ್ ಕೀಯಿಂದ ಬಿಗಿದು, ಬ್ರಿಜ್ಜಿನ ಸಣ್ಣ ತಿರುಪುಗಳಲ್ಲಿ ಅಷ್ಟಿಷ್ಟು ಸರಿಮಾಡಿ, ಎದ್ದೆನೋ ಬಿದ್ದೆನೋ ಎಂದು ಓಡಿದಳು.

ವೇದಿಕೆಯಿಂದ ನೋಡಿದರೆ ಮೊದಲ ಸಾಲಿನಲ್ಲಿ ಅತ್ತೆ! ಮಡಿಲಲ್ಲಿ ಕರಿ ಕೋಟು, ಕೈಯಲ್ಲಿ ಸೂಜಿ. ಐದಕ್ಕೆ ಕೊಡಬೇಕಿದ್ದ ಕೋಟಿನಿಂದಲೇ ಗುಂಡಿ ಕಿತ್ತು ತಂದಿದ್ದರು, ಮೂವತ್ತು ವರ್ಷದ ಹೊಲಿಗೆ ಕೆಲಸದಲ್ಲಿ ಹೇಳಿದ ಹೊತ್ತು ಒಮ್ಮೆಯೂ ತಪ್ಪದಿದ್ದವರು. ಕೋಟಿನ ಗಿರಾಕಿ ಬರೀ ಅಂಗಿಯಲ್ಲಿ ಪಕ್ಕದಲ್ಲೇ ಕೂತು ಗಡಿಯಾರ ನೋಡಿಕೊಳ್ಳುತ್ತಿದ್ದ.

ಹಾಡಿನ ಕೊನೆಗೆ ಸೊಸೆ ಹಿಡಿಕೆಯನ್ನು ಪೂರ್ತಿ ಒತ್ತಿದಳು. ನಾದ ಇಳಿದು ಇಳಿದು ಅಡಗಿಯೇ ಹೋಯಿತು. ಡ್ರಮ್ಮಿನವನ ಕೋಲು ಮೇಲೆತ್ತಿದಲ್ಲೇ ನಿಂತಿತು. ಅತ್ತೆಯ ಸೂಜಿಯೂ ನಿಂತಿತು.

ಬಿಟ್ಟಳು. ಆರೂ ತಂತಿ ಹೊರಟ ಜಾಗಕ್ಕೇ ಬಂದು ಕೂತವು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಡ್ರಮ್ಮಿನವನು ಹಲ್ಲು ಕಿರಿದು ಧಡ್ಡೆಂದು ಬಾರಿಸಿದ.

ಚಪ್ಪಾಳೆಯ ನಡುವೆ ಅತ್ತೆ ಗಿರಾಕಿಯ ಭುಜ ಅಲ್ಲಾಡಿಸಿ ಕೂಗಿದ್ದು ವೇದಿಕೆಗೂ ಕೇಳಿಸಿತು: "ನಿಮ್ಮ ಗುಂಡಿಗಳ ಮಹಿಮೆ ಕಣ್ರೀ ಇದೆಲ್ಲ!"