ಈಶಾನ್ಯದ ಶೌಚಾಲಯ

ಯುಗಾದಿಯಿಂದೀಚೆಗೆ ಸತ್ಯವತಿ ಆಫೀಸಿನಲ್ಲಿ ಒಂದು ಗುಟುಕು ನೀರು ಕುಡಿದವಳಲ್ಲ. ವ್ರತವೂ ಅಲ್ಲ, ಮಣ್ಣಂಗಟ್ಟಿಯೂ ಅಲ್ಲ. ಮಗುವಾಗಿದ್ದಾಗಲೇ ಪೋಲಿಯೋ ಬಡಿದ ಕಾಲು, ಎರಡು ಊರುಗೋಲಿನ ಮೇಲೆ ನಿಲ್ಲುವ ಹೆಂಗಸು. ಬಸವೇಶ್ವರನಗರದ ಆ ಸಹಕಾರ ಸಂಘದ ಕಚೇರಿಯಲ್ಲಿ ಅವಳಿಗೆ ಆಗುವಂಥ ಶೌಚಾಲಯ, ಕಮೋಡು ಮತ್ತು ಹಿಡಿದುಕೊಳ್ಳಲು ಕಂಬಿ ಇದ್ದದ್ದು, ನೆಲಮಹಡಿಯ ಅದೊಂದೇ. ಈಶಾನ್ಯ ಮೂಲೆಯಲ್ಲಿತ್ತು ಎಂಬುದೇ ಅದು ಮಾಡಿದ ಪಾಪ. ವಾಸ್ತು ನೋಡುವವನೊಬ್ಬ ಬಂದು, ಸಂಘಕ್ಕೆ ಏಳಿಗೆ ಇಲ್ಲದ್ದಕ್ಕೆ ಇದೇ ಕಾರಣ ಎಂದ. ಅಧ್ಯಕ್ಷ ಜಂಬಣ್ಣನವರು ಮರುವಾರವೇ ಅದನ್ನು ಒಡೆಸಿ, ಆ ಜಾಗದಲ್ಲಿ ದೇವರ ಮನೆ ಕಟ್ಟಿಸತೊಡಗಿದರು. ಉಳಿದ ಶೌಚಾಲಯಗಳೆಲ್ಲ ಮೇಲಿನ ಮಹಡಿಯಲ್ಲಿ. ಲಿಫ್ಟಿಲ್ಲ.

ಸತ್ಯವತಿ ಅರ್ಜಿ ಕೊಟ್ಟಳು. ಅಂಗವಿಕಲ ನೌಕರರಿಗೆ ಈ ಸೌಲಭ್ಯ ಕೊಡಲೇಬೇಕೆಂದು ಕಾನೂನಿದೆ ಎಂದಳು. ಕಾರ್ಯದರ್ಶಿ ಸುಧೀಂದ್ರ ಎದ್ದು ನಿಂತು ಕೈಮುಗಿದ.

“ಕಾನೂನು ಗೀನೂನು ಯಾಕೆ ಮೇಡಂ, ನಾವೆಲ್ಲ ಒಂದೇ ಮನೆಯವರಲ್ವಾ? ಮಾಡಿಸೋಣ. ಆದ್ರೆ ಯಾವ ಮೂಲೆ ಅಂತ ವಾಸ್ತುನವ್ರು ಹೇಳ್ಬೇಕಲ್ಲ?”

ಆ ಮಹಾರಾಯ ಇವತ್ತಿಗೂ ಹೇಳಿಲ್ಲ!

ತುಟಿ ಒಣಗಿಸಿಕೊಂಡು ಕೂರುವುದು, ಮಧ್ಯಾಹ್ನ ಸೈಡ್‌ವೀಲ್ ಸ್ಕೂಟರಿನಲ್ಲಿ ಮೂಡಲಪಾಳ್ಯದ ಮನೆಗೆ ಹೋಗಿ ಬರುವುದು, ಹೀಗೆ ಹೇಗೋ ನಡೆಯಿತು. ದೇವರ ಮನೆಯ ಪೂಜೆಯ ದಿನ ಅದಕ್ಕೂ ಕಲ್ಲು ಬಿತ್ತು. ಸ್ಕೂಟರಿಗೆ ಅಡ್ಡವಾಗಿ ಅಧ್ಯಕ್ಷರ ಕಾರು ನಿಂತಿತ್ತು.

“ಸುಧೀಂದ್ರ ಅವ್ರೇ, ಕಾರು ಸ್ವಲ್ಪ ತೆಗೆಸಿ. ಅರ್ಜೆಂಟಾಗಿ ಮನೆಗೆ ಹೋಗ್ಬೇಕು.”

“ಮಂಗಳಾರತಿ ಆಗ್ಬಿಡ್ಲಿ ಮೇಡಂ, ಐದೇ ನಿಮಿಷ. ದೀಪ ನಿಮ್ಮ ಕೈಯಲ್ಲೇ ಹಚ್ಚಿಸ್ಬೇಕು ಅಂತ ಅಧ್ಯಕ್ಷರು ಹೇಳಿದಾರೆ.”

“ಬೇಡ, ದಯವಿಟ್ಟು. ನನಗೆ ತಡ್ಕೊಳಕ್ಕೆ ಆಗ್ತಿಲ್ಲ.”

ಅಷ್ಟೊಂದು ಗಂಡಸರ ಮುಂದೆ ಈ ಮಾತನ್ನು ಒಂದು ಹೆಣ್ಣು ಎಷ್ಟು ಗಟ್ಟಿಯಾಗಿ ಹೇಳಿಯಾಳು? ಗಂಟೆಯ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಇಬ್ಬರು ಬಂದು, ಪ್ರೀತಿಯಿಂದಲೇ, ತೋಳು ಹಿಡಿದು ಅವಳನ್ನು ದೇವರೆದುರು ನಿಲ್ಲಿಸಿದರು. ಪುರೋಹಿತರ ಮಂತ್ರವೋ, ಮುಗಿಯಲೊಲ್ಲದು. ಹಲ್ಲು ಕಚ್ಚಿ ನಿಂತಳು. ಅಯ್ಯೋ ದೇವರೇ, ಇದೊಂದು ಸಲ ಕಾಪಾಡಪ್ಪ ಎಂದು ಬೇಡಿಕೊಂಡಳು. ದೀಪ ಹಚ್ಚಲು ಬಗ್ಗಿದಳು ನೋಡಿ, ಅಲ್ಲೇ ಆಗಿಹೋಯಿತು. ಸೀರೆ ನೆನೆದು ಹೊಸ ಟೈಲ್ಸಿನ ಮೇಲೆಲ್ಲ ಹರಿಯಿತು. ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ.

ಯಾರೂ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಜಂಬಣ್ಣನವರು ಮೆತ್ತಗೆ ಹೇಳಿದರು: “ಆ ಕಾರು ತೆಗೀರಪ್ಪ, ಪಾಪ. ಸತ್ಯವತಮ್ಮ, ನಾಳೆಯಿಂದ ಬರೋದು ಬೇಡ ಬಿಡಿ ತಾಯಿ. ಮೊದ್ಲು ಆರೋಗ್ಯ ನೋಡ್ಕೊಳ್ಳಿ.”

“ನನ್ನ ಆರೋಗ್ಯ ಚೆನ್ನಾಗೇ ಇದೆ ಸಾರ್,” ಎಂದಳು ಸತ್ಯವತಿ.

ಯಾರೂ ಅವಳತ್ತ ನೋಡಲಿಲ್ಲ. ಪುರೋಹಿತರಾಗಲೇ ಶುದ್ಧಿಗೆಂದು ಅವಳು ನಿಂತಿದ್ದ ಜಾಗಕ್ಕೆ ಹಸುವಿನ ಗಂಜಲ ಚಿಮುಕಿಸುತ್ತಿದ್ದರು.