ಕೃಷ್ಣೆಗೆ ಬಿಟ್ಟ ಬುತ್ತಿ

ನನ್ನ ದೊಡ್ಡವ್ವ ಲಗಮವ್ವನಷ್ಟು ಹಟಮಾರಿ ಹೆಂಗಸು ನಮ್ಮ ಹಿಪ್ಪರಗಿಯಲ್ಲಿ ಇನ್ನೊಬ್ಬಳಿಲ್ಲ. ಪ್ರತಿ ಅಮಾವಾಸ್ಯೆಗೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೋಳಿಗೆಯನ್ನು ಮುತ್ತಲ ಎಲೆಯಲ್ಲಿ ಕಟ್ಟಿ ಕೃಷ್ಣೆಗೆ ಬಿಡುತ್ತಿದ್ದಳು. ಅದು ಅವಳ ಗಂಡನ ಬುತ್ತಿ.

ದೊಡ್ಡಪ್ಪ ಧರೆಪ್ಪ ಕುರಿ ಕಾಯುವುದನ್ನು ಬಿಟ್ಟು ನೌಕಾಪಡೆ ಸೇರಿದವನು. ಹಡಗಿನ ತಳದ ಎಂಜಿನ್ ಕೋಣೆಯಲ್ಲಿ ಕೆಲಸ. ಎಪ್ಪತ್ತೊಂದರ ಯುದ್ಧದಲ್ಲಿ ಹಡಗು ಮುಳುಗಿತು. ಕೆಳಗಿದ್ದವರು ಮೇಲೆ ಬರಲೇ ಇಲ್ಲ. ನಮ್ಮಲ್ಲಿ ಸತ್ತವರನ್ನು ಹೊಲದಲ್ಲಿ ಮಣ್ಣು ಮಾಡಿ, ಅಮಾವಾಸ್ಯೆಗೆ ಆ ಸಮಾಧಿಯ ಗದ್ದುಗೆಯ ಮೇಲೆ ಎಡೆ ಇಡುತ್ತೇವೆ. ಇವನಿಗೆ ಗದ್ದುಗೆ ಎಲ್ಲಿಂದ ಬರಬೇಕು? ಆಗಿನ್ನೂ ಮದುವೆಯ ಅರಿಷಿಣ ಮಾಸದ ದೊಡ್ಡವ್ವ ತಾನೇ ದಾರಿ ಹುಡುಕಿಕೊಂಡಳು. ಹೊಳೆ ಸಮುದ್ರಕ್ಕೆ ಹೋಗುತ್ತದೆ, ಗಂಡ ಸಮುದ್ರದಲ್ಲಿದ್ದಾನೆ.

ಹೊಳೆಗೆ ಅಡ್ಡ ಬ್ಯಾರೇಜು ಕಟ್ಟಿದ ಮೇಲೆ ಅವಳ ಕಾಟ ಹೆಚ್ಚಾಯಿತು. ಗೇಟು ಹಾಕಿದರೆ ಬುತ್ತಿ ಇಲ್ಲೇ ಕೊಳೆಯುತ್ತದೆಂದು ಕಾವಲುಗಾರನ ಜೊತೆ ಜಗಳ ತೆಗೆದು, ಗೇಟಿನ ಕೆಳಗಿನ ದಂಡೆಗೆ ಇಳಿಯುವಳು. ಬ್ಯಾಂಕಿಗೆ ಹೋಗುವ ಅವಸರದಲ್ಲಿ ನಾನೇ ಸ್ಕೂಟಿಯ ಮೇಲೆ ಕರೆದೊಯ್ಯಬೇಕು. "ನಿನ್ನ ಗಂಡಗ ಪಾರ್ಸೆಲ್ ಹೋತೇನ ಬೇ?" ಎಂದು ಕಾಡಿಸಿದರೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಕೃಷ್ಣೆ ಯಾವ ಕಡೆ ಹರಿಯುತ್ತಾಳೆಂದು ಶಾಲೆ ಕಲಿತ ನಮಗೆಲ್ಲ ಗೊತ್ತಿತ್ತು. ಅವಳಿಗೆ ಹೇಳಿದವರ ನಾಲಗೆ ಕೀಳುತ್ತೇನೆ ಎಂದಿದ್ದ ನನ್ನ ಅಪ್ಪ ಜಕ್ಕಪ್ಪ, ಧರೆಪ್ಪನ ತಮ್ಮ.

ಈ ಡಿಸೆಂಬರಿನಲ್ಲಿ, ನೌಕಾಪಡೆ ದಿನದಂದು, ಮುಧೋಳದಿಂದ ಜ್ಞಾನೇಶ್ವರ ಎಂಬ ನಿವೃತ್ತ ನಾವಿಕರು ಬಂದರು. ದೊಡ್ಡಪ್ಪನ ಫೋಟೊಗೆ ಮಾಲೆ ಹಾಕಿ, ದೊಡ್ಡವ್ವನ ಕಾಲು ಮುಟ್ಟಿ ನಮಸ್ಕರಿಸಿದರು. ಒಳ್ಳೆಯ ಮನುಷ್ಯ. ಮೊಬೈಲಿನಲ್ಲಿ ನಕ್ಷೆ ತೆರೆದು, "ಇಲ್ಲಿ ನೋಡ್ರಿ ಅವ್ವಾರ, ಅವರ ಹಡಗ ಮುಳುಗಿದ್ದು ಗುಜರಾತದ ಆಚಿ ಕಡಲಾಗ. ನಮ್ಮ ಹಡಗ ಅಲ್ಲಿ ಹಾದಾಗೆಲ್ಲ ಹೂ ಬಿಡತಿದ್ವಿ" ಎಂದರು.

ದೊಡ್ಡವ್ವನ ಮುಖ ಅರಳಿತು. "ನಮ್ಮ ಹೊಳಿ ಅಲ್ಲಿಗೆ ಹೆಂಗ ಹೋಗತೈತಿ, ತೋರಸ್ರಿ."

ಅಪ್ಪ ಜೋರಾಗಿ ಕೆಮ್ಮಿದ. ನಾನು ಚಹಾದ ಮಾತು ತೆಗೆದೆ. ಆ ಪುಣ್ಯಾತ್ಮನಿಗೆ ಎಲ್ಲಿ ತಿಳಿಯಬೇಕು!

"ಅಲ್ಲಿಗೆ ಹೋಗಂಗಿಲ್ರಿ. ಕೃಷ್ಣಾ ಮೂಡಲಕ್ಕ ಹರದು ಆಂಧ್ರದಾಗ ಸಮುದ್ರ ಸೇರತಾಳ. ಇದು ಪಡುವಲ ಸಮುದ್ರ." ಅವರ ಬೆರಳು ನಕ್ಷೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಯಿತು.

ದೊಡ್ಡವ್ವ ಎದ್ದು ಒಲೆಯ ಕಡೆ ಹೋದಳು. ಬಂದವರಿಗೆ ಚಹಾ ಕುಡಿಸಿ, ಬಾಗಿಲತನಕ ಹೋಗಿ ಕಳಿಸಿದಳು. ಅವರ ಮೇಲೆ ನನಗೆ ಬಂದ ಸಿಟ್ಟಿಗೆ ಅರ್ಥವಿರಲಿಲ್ಲ, ಆದರೂ ಬಂತು.

ಮಧ್ಯಾಹ್ನ ತಾಟು ಮುಂದಿಟ್ಟರೆ ದೊಡ್ಡವ್ವ ಮುಟ್ಟಲಿಲ್ಲ. "ಸಮುದ್ರ ಎಲ್ಲಾ ಒಂದ ಬೇ. ನೀರು ನೀರಿಗೆ ಕೂಡೇ ಕೂಡತೈತಿ" ಎಂದೆ.

"ಅಷ್ಟ ಸುತ್ತಿ ಹೋಗೂತನಕ ರೊಟ್ಟಿ ಉಳಿತಾವೇನ ಉಮಾ?"

ಅಪ್ಪ ಅವಳ ಹತ್ತಿರ ಕುಳಿತ. "ಮುಂಬೈಗೆ ಹೋಗೂಣು ವೈನಿ. ಅಲ್ಲೇ ಕಡಲಿಗೆ ಬಿಡೂಣು. ನಾಳೆನ ಹೋಗೂಣು."

ದೊಡ್ಡವ್ವ ಅವನ ಕಡೆ ನೋಡಿದಳು. ಇಷ್ಟು ವರ್ಷ ಆ ಕಣ್ಣಲ್ಲಿ ನಾನು ನೀರು ಕಂಡಿರಲಿಲ್ಲ.

"ಹೋಗೂಣು ತಮ್ಮಾ. ಖರೆ, ಇಷ್ಟ ವರ್ಷ ಉಪಾಸ ಇದ್ದವಗ ಎಷ್ಟ ರೊಟ್ಟಿ ಕಟ್ಟಲಿ?"

ಅಂದು ನಮ್ಮ ಮನೆಯಲ್ಲಿ ಯಾರೂ ಉಣ್ಣಲಿಲ್ಲ.